ಪರದೆಯ ಬೆನ್ನಿಗೊಂದು ದೀಪ: ಜೀರೋ ಬಲ್ಬಿನಿಂದ ಎಲ್‌ಇಡಿ ಪಟ್ಟಿಯವರೆಗೆ

ವಿಡಿಯೋ ನೋಡೋಕೆ ಪುರುಸೊತ್ತಾಗದವರಿಗೆ, ಮೆಟ್ರೋದಲ್ಲಿ ನಿಂತುಕೊಂಡೇ ಓದೋರಿಗೆ, ಎಂದಿನಂತೆ ಮಾತನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕಿದ್ದೇನೆ. ಈ ಸಲದ ವಿಷಯ ಟಿವಿ, ಮಾನಿಟರ್‌ಗಳ ಬೆನ್ನಿಗೆ ಅಂಟಿಸುವ ಬೆಳಕಿನ ಪಟ್ಟಿ. ಪುಣೆಯ ತಾಪಕೀರ್ ಗಲ್ಲಿ, ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್, ನಮ್ಮ ಬೆಂಗಳೂರಿನ ಎಸ್.ಪಿ. ರೋಡ್, ಎಲ್ಲಿಗೆ ಹೋದರೂ ಸುರುಳಿ ಸುತ್ತಿ ತೂಗುಹಾಕಿರ್ತಾರೆ. ಕೆಲವು ನೂರು ರೂಪಾಯಿ ಕೊಟ್ಟರೆ ಸಿಗುತ್ತೆ. ಇದಕ್ಕೂ ಒಂದು ಚರಿತ್ರೆಯಾ ಅಂತ ನಗಬೇಡಿ. ಈ ಪಟ್ಟಿಯ ಹಿಂದೆ ಪ್ಯಾರಿಸ್ಸಿನ ಒಬ್ಬ ಬಣ್ಣದ ಮೇಷ್ಟ್ರು, ಅಮೆರಿಕದ ಕೈಜಾರಿದ ಒಂದು ಲ್ಯಾಬು, ಜಪಾನಿನ ಒಂದು ಕೋರ್ಟ್ ಕೇಸು, ಮೈಸೂರಿನಲ್ಲಿ ಪಾಠ ಹೇಳಿದ ಒಬ್ಬ ಪ್ರೊಫೆಸರು ಎಲ್ಲ ಇದ್ದಾರೆ.

ಯಾಕೆ ಈ ವಿಷಯ ಅಂದ್ರೆ, ನಮ್ಮ ಕಸುಬೇ ಪರದೆ ನೋಡೋದು. ಹಗಲು ಆಫೀಸಿನ ಮಾನಿಟರ್, ರಾತ್ರಿ ಅಮೆರಿಕದವರ ಜೊತೆ ಕಾಲ್, ಆಮೇಲೆ ನಿದ್ದೆ ಬರೋ ತನಕ ಟಿವಿ. ಹಿಂಜೇವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ಒಂದು ಕೋಣೆಯಲ್ಲಿ ಇಬ್ಬರು ಮೂವರು ಇದ್ದರೆ, ಒಬ್ಬನಿಗೆ ಕೆಲಸ, ಇನ್ನೊಬ್ಬನಿಗೆ ನಿದ್ದೆ. ದೊಡ್ಡ ಲೈಟು ಆರಿಸಲೇಬೇಕು. ಆಗ ಕತ್ತಲಲ್ಲಿ ಒಂದು ಬಿಳಿ ಚೌಕ ಮುಖಕ್ಕೆ ಹೊಡೀತಾ ಇರುತ್ತೆ. ಅರ್ಧ ಗಂಟೆಯಲ್ಲಿ ಕಣ್ಣು ಉರಿ, ಹಣೆ ಬಿಗಿ. ನನ್ನ ವಯಸ್ಸು ಮೂವತ್ತು ದಾಟಿದೆ, ಕನ್ನಡಕದ ನಂಬರು ಏರೋದನ್ನ ನೋಡ್ತಾ ಇದ್ದೀನಿ. ಹಾಗಾಗಿ ನನಗಿದು ತಮಾಷೆಯ ವಿಷಯ ಅಲ್ಲ.

ಮೊದಲೇ ಒಂದು ಗೊಂದಲ ತೆಗೆದುಬಿಡೋಣ. ಬ್ಯಾಕ್‌ಲೈಟ್ ಅನ್ನೋ ಒಂದೇ ಹೆಸರಿನಲ್ಲಿ ಎರಡು ದೀಪಗಳಿವೆ. ಒಂದು ಎಲ್‌ಸಿಡಿ ಪರದೆಯ ಒಳಗೇ ಇರೋದು. ಅದಿಲ್ಲದಿದ್ದರೆ ಚಿತ್ರವೇ ಕಾಣಲ್ಲ. ಇನ್ನೊಂದು ಸೆಟ್ಟಿನ ಹಿಂದೆ, ಗೋಡೆಗೆ ಬೆಳಕು ಚೆಲ್ಲೋದು. ಇಲ್ಲಿ ಮೊದಲನೆಯದನ್ನ ಒಳಬೆಳಕು ಅಂತೀನಿ, ಎರಡನೆಯದನ್ನ ಹಿಂಬೆಳಕು ಅಂತೀನಿ. ಎರಡರ ಕತೆಗಳೂ ಬೇರೆ ಬೇರೆ ಶುರುವಾಗಿ ಕೊನೆಗೆ ಒಂದೇ ಅಂಗಡಿಯ ಸುರುಳಿಯಲ್ಲಿ ಸೇರ್ತವೆ.

ಹಿಂಬೆಳಕು ನಮಗೆ ಹೊಸದೇನಲ್ಲ. 1981ರಲ್ಲಿ ಬೆಂಗಳೂರು ದೂರದರ್ಶನ ಬಂತು, 1982ರಲ್ಲಿ ಏಷ್ಯನ್ ಗೇಮ್ಸ್ ಜೊತೆ ಬಣ್ಣ ಬಂತು. ಆ ದಶಕದ ಮನೆಗಳಲ್ಲಿ ರಾತ್ರಿ ಸಿನಿಮಾ ನೋಡೋವಾಗ ಟ್ಯೂಬ್‌ಲೈಟ್ ಆರಿಸಿ ಜೀರೋ ಬಲ್ಬ್ ಹಾಕ್ತಿದ್ದರು. "ಕತ್ತಲಲ್ಲಿ ಟಿವಿ ನೋಡಬೇಡ್ರೋ, ಕಣ್ಣು ಹೋಗುತ್ತೆ" ಅನ್ನೋ ಮಾತು ನಿಮ್ಮ ಮನೆಯಲ್ಲೂ ಕೇಳಿರಬೇಕು. ಅಂದಹಾಗೆ ಜೀರೋ ಬಲ್ಬ್ ಅಂದ್ರೆ ಸೊನ್ನೆ ವ್ಯಾಟ್ ಅಲ್ಲ, 12ರಿಂದ 15 ವ್ಯಾಟ್ ತಿನ್ನೋದು. ಹಳೇ ಮೀಟರಿನ ಚಕ್ರ ಅಷ್ಟು ಸಣ್ಣ ಲೋಡಿಗೆ ಸರಿಯಾಗಿ ತಿರುಗುತ್ತಿರಲಿಲ್ಲ, ಬಿಲ್ಲಿನಲ್ಲಿ ಕಾಣದ್ದು ಸೊನ್ನೆ ಅಂತ ಹೆಸರಾಯ್ತು. ಕತ್ತಲಲ್ಲಿ ಟಿವಿ ನೋಡಿದರೆ ಕಣ್ಣು ಶಾಶ್ವತವಾಗಿ ಹೋಗಲ್ಲ, ಆಯಾಸವಾಗುತ್ತೆ ಅಷ್ಟೇ. ಕಾರಣದ ವಿಷಯದಲ್ಲಿ ಅಜ್ಜಿ ತಪ್ಪು, ಪರಿಹಾರದಲ್ಲಿ ಸರಿ. ಆ ಬಲ್ಬಿನ ಜಾಗ ಮಾತ್ರ ಸರಿಯಿರಲಿಲ್ಲ. ಎದುರು ಗೋಡೆಯಲ್ಲೋ ಮೇಲೆ ಮೂಲೆಯಲ್ಲೋ ಇದ್ದು, ಉಬ್ಬಿದ ಗಾಜಿನ ಮೇಲೆ ಒಂದು ಪುಟ್ಟ ಚಂದ್ರನ ಹಾಗೆ ಪ್ರತಿಫಲಿಸ್ತಾ ಇರೋದು.

ಹಾಗಾದ್ರೆ ಬೆಳಕು ಹಿಂದೆಯೇ ಯಾಕಿರಬೇಕು? ಇದಕ್ಕೆ ನಾವು ಟಿವಿಗಿಂತ ಬಹಳ ಹಿಂದಕ್ಕೆ, 1824ರ ಪ್ಯಾರಿಸ್‌ಗೆ ಹೋಗಬೇಕು. ಗೋಬ್ಲಾಂ ಅನ್ನೋ ರಾಜಮನೆತನದ ನೇಯ್ಗೆ ಕಾರ್ಖಾನೆ. ಅಲ್ಲಿನ ಬಣ್ಣಗಾರಿಕೆ ವಿಭಾಗಕ್ಕೆ ಮಿಷೆಲ್ ಯುಜೀನ್ ಷೆವ್ರೂಲ್ ಅನ್ನೋ ರಸಾಯನಶಾಸ್ತ್ರಜ್ಞ ಮುಖ್ಯಸ್ಥನಾಗಿ ಬಂದ. ಬಂದವನಿಗೆ ಒಂದು ದೂರು ಕಾದಿತ್ತು: ನೀಲಿ, ನೇರಳೆ ಬಟ್ಟೆಯ ನೆರಳಿಗೆ ಬಳಸುವ ಕಪ್ಪು ದಾರದಲ್ಲಿ ಕಸುವಿಲ್ಲ, ಮಂಕಾಗಿ ಕಾಣುತ್ತೆ, ಬಣ್ಣ ಸರಿಯಾಗಿ ಕೂತಿಲ್ಲ. ಅವನು ಬೇರೆ ಕಡೆಯ ಕಪ್ಪು ದಾರಗಳನ್ನೂ ತರಿಸಿ ಹೋಲಿಸಿದ. ದಾರದಲ್ಲಿ ದೋಷವೇ ಇರಲಿಲ್ಲ. ಪಕ್ಕದ ನೀಲಿಯಿಂದಾಗಿ ಕಪ್ಪು ಹಾಗೆ ಕಾಣ್ತಿತ್ತು. ಯಾವ ಬಣ್ಣವನ್ನೂ ಕಣ್ಣು ಒಂಟಿಯಾಗಿ ನೋಡಲ್ಲ, ಅಕ್ಕಪಕ್ಕದ ಜೊತೆ ತೂಗಿ ನೋಡುತ್ತೆ. 1839ರಲ್ಲಿ ಅವನು ಇದನ್ನೇ ದೊಡ್ಡ ಪುಸ್ತಕ ಮಾಡಿದ. ನಮಗೆ ಎಂಟೆಕ್‌ನಲ್ಲಿ ಇಮೇಜ್ ಪ್ರೊಸೆಸಿಂಗ್ ಪಾಠದಲ್ಲಿ ಇದು ಎರಡೇ ಸ್ಲೈಡಿನಲ್ಲಿ ಮುಗಿದುಹೋಗಿತ್ತು: ಒಂದೇ ಬೂದು ಚೌಕ, ಒಂದು ಕಪ್ಪು ಹಿನ್ನೆಲೆಯಲ್ಲಿ, ಒಂದು ಬಿಳಿ ಹಿನ್ನೆಲೆಯಲ್ಲಿ. ಕಪ್ಪಿನ ಮೇಲಿನದು ತಿಳಿ, ಬಿಳಿಯ ಮೇಲಿನದು ಗಾಢ. ಷೆವ್ರೂಲ್ 102 ವರ್ಷ ಬದುಕಿದ. ಫೋಟೋಗ್ರಫಿ ಹುಟ್ಟಿ ಬೆಳೆದದ್ದನ್ನೂ ಕಂಡ.

ಈಗ ಟಿವಿಗೆ ಬನ್ನಿ. ಕೋಣೆ ಪೂರ್ತಿ ಕತ್ತಲಾದರೆ ಪರದೆಯ ಸುತ್ತ ಇರೋದು ಕಡುಕಪ್ಪು. ಅದರ ಪಕ್ಕದಲ್ಲಿ ಪರದೆಯ ಕಪ್ಪು ಬೂದಿಯ ಹಾಗೆ ಕಾಣುತ್ತೆ, ಯಾಕಂದ್ರೆ ಎಲ್‌ಸಿಡಿ ಕಪ್ಪು ತೋರಿಸುವಾಗಲೂ ಒಂದಿಷ್ಟು ಬೆಳಕು ಸೋರಿಬರುತ್ತೆ. ಸುತ್ತಲಿನ ಗೋಡೆ ಮಂದವಾಗಿ ಬೆಳಗಿದರೆ ಅದೇ ಪರದೆಯ ಕಪ್ಪು ಗಟ್ಟಿಯಾಗುತ್ತೆ. ಪರದೆ ಬದಲಾಗಿಲ್ಲ, ತಕ್ಕಡಿ ಬದಲಾಗಿದೆ. ಎರಡನೇ ವಿಷಯ ಕಣ್ಣಿನ ಪಾಪೆಯದ್ದು. ಕತ್ತಲಲ್ಲಿ ಅದು ಅಗಲವಾಗುತ್ತೆ. ಸಿನಿಮಾದಲ್ಲಿ ರಾತ್ರಿ ದೃಶ್ಯದಿಂದ ಹಠಾತ್ತನೆ ಮರುಭೂಮಿಯ ಹಗಲಿಗೆ ಕತ್ತರಿಸಿದರೆ ಪಾಪೆ ಕುಗ್ಗಬೇಕು, ಮತ್ತೆ ಹಿಗ್ಗಬೇಕು. ರಾತ್ರಿ ಪೂರ್ತಿ ಇದೇ ಕವಾಯತು. ಸುತ್ತ ಒಂದು ಸಮನಾದ ಬೆಳಕಿದ್ದರೆ ಈ ಏರಿಳಿತ ಕಡಿಮೆ. ದೀಪ ಪರದೆಯ ಹಿಂದಿರಬೇಕು ಅನ್ನೋದು ಇದಕ್ಕೇ. ಗೋಡೆ ಬೆಳಗಬೇಕು, ಆದರೆ ಗಾಜಿನ ಮೇಲೆ ಬೆಳಕು ಬೀಳಬಾರದು, ಬಲ್ಬು ನೇರವಾಗಿ ಕಣ್ಣಿಗೂ ಕಾಣಬಾರದು.

ಇದನ್ನು ವ್ಯಾಪಾರ ಮಾಡಿದ ಮೊದಲಿಗರು ಅಮೆರಿಕದವರು. 1950ರ ದಶಕದಲ್ಲಿ ಅಲ್ಲಿ ಮನೆಮನೆಗೆ ಟಿವಿ ಬಂದಾಗ ನಮ್ಮ ಅಜ್ಜಿಯರ ಭಯವೇ ಅಲ್ಲೂ ಹಬ್ಬಿತ್ತು. ಆಗ ಟಿವಿ ಲ್ಯಾಂಪ್ ಅನ್ನೋ ವಸ್ತು ಹುಟ್ಟಿತು. ಪಿಂಗಾಣಿಯ ಕರಿಚಿರತೆ, ಕುದುರೆ, ಬಾತುಕೋಳಿ. ಬೆನ್ನ ಹಿಂದೆ ಒಂದು ಬಲ್ಬು. ಟಿವಿ ಪೆಟ್ಟಿಗೆಯ ಮೇಲೆ ಇಟ್ಟರೆ ಹಿಂದಿನ ಗೋಡೆಗೆ ಬೆಳಕು ಚೆಲ್ಲೋದು. ಈಗ ಅವು ಹಳೇ ಸಾಮಾನು ಸಂಗ್ರಹಿಸುವವರ ಪ್ರೀತಿಯ ವಸ್ತುಗಳು. ನನ್ನ ಲೆಕ್ಕದಲ್ಲಿ ನಮ್ಮ ಎಲ್‌ಇಡಿ ಪಟ್ಟಿಯ ನಿಜವಾದ ಅಜ್ಜ ಆ ಪಿಂಗಾಣಿ ಚಿರತೆಯೇ. ಅದೇ ಕಾಲದಲ್ಲಿ ಸಿಲ್ವೇನಿಯಾ ಕಂಪನಿ ಹಾಲೋಲೈಟ್ ಅಂತ ಒಂದನ್ನ ತಂದಿತು. ಪರದೆಯ ಸುತ್ತ ಟ್ಯೂಬ್‌ಲೈಟಿನಂಥ ಬೆಳಗುವ ಚೌಕಟ್ಟು, ಟಿವಿಯಲ್ಲೇ ಸೇರಿಸಿದ್ದು. ಸುತ್ತಲಿನ ಬೆಳಕಿನಿಂದ ಕಣ್ಣಿಗೆ ಹಿತ ಅನ್ನೋದೇ ಅವರ ಜಾಹೀರಾತು. ಉದ್ದೇಶ ಸರಿ, ಆದರೆ ಆ ಬೆಳಕು ಗೋಡೆಗೆ ಬೀಳದೆ ನೇರ ನೋಡುವವರ ಮುಖಕ್ಕೇ ಬರ್ತಿತ್ತು. ಅದು ಎಲ್ಲರ ಪದ್ಧತಿಯಾಗಲಿಲ್ಲ.

ಇಲ್ಲೇ ಇನ್ನೊಂದು ಭಯದ ಮೂಲವನ್ನೂ ಹೇಳಿಬಿಡ್ತೀನಿ. "ಟಿವಿ ಹತ್ತಿರ ಕೂರಬೇಡ" ಅನ್ನೋದಕ್ಕೆ ಒಂದು ಕಾಲದಲ್ಲಿ ನಿಜವಾದ ಕಾರಣ ಇತ್ತು. 1967ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಕೆಲವು ಕಲರ್ ಟಿವಿಗಳು ಮಿತಿಗಿಂತ ಹೆಚ್ಚು ಎಕ್ಸ್‌-ರೇ ಹೊರಸೂಸ್ತಿವೆ ಅಂತ ಗೊತ್ತಾಯಿತು. ಮರುವರ್ಷ ಅಮೆರಿಕ ವಿಕಿರಣ ನಿಯಂತ್ರಣಕ್ಕೆ ಕಾಯ್ದೆಯನ್ನೇ ತಂದಿತು. ಸೆಟ್ಟುಗಳು ಸರಿಹೋದವು, ಮಾತು ಮಾತ್ರ ದೇಶ ದಾಟಿ, ಕಾಲ ದಾಟಿ, ಎಕ್ಸ್‌-ರೇ ಹುಟ್ಟೋಕೆ ದಾರಿಯೇ ಇಲ್ಲದ ಇವತ್ತಿನ ತೆಳು ಟಿವಿಗೂ ಅಂಟಿಕೊಂಡಿದೆ.

ಅಂದಾಜಿನ ಮಾತಿಗೆ ಲೆಕ್ಕ ಬಂದದ್ದೂ ಆಗಲೇ. 1967ರಲ್ಲಿ ಬಾರ್ಟಲ್ಸನ್ ಮತ್ತು ಬ್ರೆನೆಮನ್ ಅನ್ನೋ ಇಬ್ಬರು, ಸುತ್ತಲಿನ ಬೆಳಕು ಬದಲಾದರೆ ಅದೇ ಚಿತ್ರದ ಹೊಳಪು, ಕಾಂಟ್ರಾಸ್ಟ್ ಕಣ್ಣಿಗೆ ಎಷ್ಟು ಬದಲಾಗಿ ಕಾಣುತ್ತೆ ಅಂತ ಅಳೆದು ಪ್ರಕಟಿಸಿದರು. ಥಿಯೇಟರಿಗೆ ಮಾಡಿದ ಪ್ರಿಂಟು ಮನೆಯ ಟಿವಿಯಲ್ಲಿ ಬೇರೆ ಥರ ಕಾಣೋದು ಯಾಕೆ ಅನ್ನೋದಕ್ಕೆ ಇದೇ ಬುನಾದಿ. ಟಿವಿ ಚಿತ್ರದ ಗುಣಮಟ್ಟ ಅಳೆಯುವ ಅಂತಾರಾಷ್ಟ್ರೀಯ ಶಿಫಾರಸು ಬಿಟಿ.500, ಮಾನಿಟರ್ ಹಿಂದಿನ ಗೋಡೆಯ ಹೊಳಪು ಪರದೆಯ ಗರಿಷ್ಠ ಹೊಳಪಿನ ಸುಮಾರು 0.15 ಪಟ್ಟು ಇರಲಿ ಅನ್ನುತ್ತೆ. ಅದರ ಬಣ್ಣ ಡಿ65, ಅಂದ್ರೆ ಸುಮಾರು 6500 ಕೆಲ್ವಿನ್‌ನ ಹಗಲಿನ ಬಿಳಿ. ಎಚ್‌ಡಿಆರ್‌ಗಾಗಿ 2016ರಲ್ಲಿ ಬಂದ ಬಿಟಿ.2100 ಸುತ್ತಲಿನ ಹೊಳಪು 5 ನಿಟ್ಸ್ ಸಾಕು ಅಂತು. ಎಡಿಟಿಂಗ್ ಸ್ಟುಡಿಯೋಗಳಲ್ಲಿ, ಕಲರ್ ಗ್ರೇಡಿಂಗ್ ಮಾಡುವ ಕೋಣೆಗಳಲ್ಲಿ ಬೂದು ಗೋಡೆ, ಹಿಂದೆ ಒಂದು ಬಿಳಿ ಟ್ಯೂಬು ಇರೋದು ಈ ಕಾರಣಕ್ಕೆ. ಇದನ್ನೇ ಬಯಾಸ್ ಲೈಟ್ ಅಂತಾರೆ. ದಶಕಗಟ್ಟಲೆ ಇದು ವೃತ್ತಿಪರರ ಗುಟ್ಟಾಗಿಯೇ ಉಳಿಯಿತು. ಮನೆಗೆ ಬರಬೇಕಾದರೆ ತೆಳ್ಳಗಿನ, ತಣ್ಣಗಿನ, ಅಗ್ಗದ ಬಿಳಿ ಬೆಳಕು ಬೇಕಿತ್ತು. ಅದು ಇರಲಿಲ್ಲ.

ಈಗ ಒಳಬೆಳಕಿನ ಕತೆ. ನನಗೆ ಇದರಲ್ಲೇ ಹೆಚ್ಚು ಆಸಕ್ತಿ, ಸ್ವಲ್ಪ ಎಳೆದರೂ ಸಹಿಸಿಕೊಳ್ಳಿ.

1968. ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಆರ್‌ಸಿಎ ಕಂಪನಿಯ ಲ್ಯಾಬ್. ಕಲರ್ ಟಿವಿಯನ್ನು ಅಮೆರಿಕಕ್ಕೆ ಕೊಟ್ಟವರು ಇವರೇ. ಆ ವರ್ಷ ಇದೇ ಲ್ಯಾಬಿನ ಜಾರ್ಜ್ ಹೈಲ್ಮೈಯರ್ ತಂಡ ಪತ್ರಕರ್ತರನ್ನು ಕರೆದು ಲಿಕ್ವಿಡ್ ಕ್ರಿಸ್ಟಲ್ ಡಿಸ್‌ಪ್ಲೇ ತೋರಿಸಿತು. ಅದೇ ವರ್ಷ, ಅದೇ ಕಂಪನಿಯಲ್ಲಿ ಜೇಮ್ಸ್ ಟೀಟ್ಜೆನ್ ಅನ್ನೋ ಮುಖ್ಯಸ್ಥರಿಗೆ ಗೋಡೆಗೆ ಪಟದ ಹಾಗೆ ತೂಗುಹಾಕುವ ಟಿವಿಯ ಕನಸು ಬಿತ್ತು. ಕೆಂಪು ಎಲ್‌ಇಡಿಯನ್ನು 1962ರಲ್ಲೇ ನಿಕ್ ಹೊಲೊನ್ಯಾಕ್ ಮಾಡಿದ್ದರು, ಹಸಿರೂ ಬರೋದರಲ್ಲಿತ್ತು. ಬಣ್ಣದ ಟಿವಿಗೆ ನೀಲಿ ಬೇಕು. ಹರ್ಬರ್ಟ್ ಮಾರುಸ್ಕಾ ಅನ್ನೋ ಯುವ ಎಂಜಿನಿಯರ್‌ಗೆ ಗ್ಯಾಲಿಯಂ ನೈಟ್ರೈಡ್ ಹರಳು ಬೆಳೆಸುವ ಕೆಲಸ ವಹಿಸಿದರು. 1972ರಲ್ಲಿ ಅವರಿಂದ ಮಂಕಾದ ಒಂದು ನೇರಳೆ ಬೆಳಕು ಬಂತು. ಅಷ್ಟರಲ್ಲಿ ಆರ್‌ಸಿಎ ಹಣಕಾಸಿನ ಕಷ್ಟಕ್ಕೆ ಸಿಕ್ಕಿ, ಸಂಶೋಧನೆ ನಿಂತುಹೋಯಿತು. ಲಿಕ್ವಿಡ್ ಕ್ರಿಸ್ಟಲ್ಲನ್ನೂ ಅವರು ದೊಡ್ಡ ಉತ್ಪನ್ನ ಮಾಡಲಿಲ್ಲ. 1973ರಲ್ಲಿ ಅದನ್ನು ಜೇಬಿನ ಕ್ಯಾಲ್ಕುಲೇಟರಿಗೆ ಹಾಕಿ ಮಾರಿದ್ದು ಜಪಾನಿನ ಶಾರ್ಪ್. ಇವತ್ತು ನಾವು ಎಲ್‌ಇಡಿ ಟಿವಿ ಅಂತ ಕರೆಯೋದು ಏನು? ಮುಂದೆ ಲಿಕ್ವಿಡ್ ಕ್ರಿಸ್ಟಲ್, ಹಿಂದೆ ನೀಲಿಯಿಂದ ಹುಟ್ಟಿದ ಬಿಳಿ ಎಲ್‌ಇಡಿ. ಎರಡರ ಬೀಜವೂ ಒಂದೇ ಕ್ಯಾಂಪಸ್ಸಿನಲ್ಲಿತ್ತು. ಎರಡನ್ನೂ ಕೈಬಿಟ್ಟರು. ಕ್ವಾರ್ಟರ್ ಕ್ವಾರ್ಟರ್ ಲೆಕ್ಕ ನೋಡುವ ಕಂಪನಿಗಳಲ್ಲಿ ಕೆಲಸ ಮಾಡುವ ನಮಗೆ ಇದರಲ್ಲಿ ಆಶ್ಚರ್ಯಪಡೋಕೆ ಏನೂ ಇಲ್ಲ.

ಲಿಕ್ವಿಡ್ ಕ್ರಿಸ್ಟಲ್ ತಾನಾಗಿ ಬೆಳಗಲ್ಲ. ಅದು ಕಿಟಕಿಯ ಪಟ್ಟಿಪರದೆಯ ಹಾಗೆ, ಹಿಂದಿನ ಬೆಳಕನ್ನ ಬಿಡುತ್ತೆ, ತಡೆಯುತ್ತೆ. ಪಕ್ಕದಿಂದ ನೋಡಿದರೆ ಬಣ್ಣ ತಿರುಗುಮುರುಗು. ಮೊದಲ ತಲೆಮಾರಿನ ಲ್ಯಾಪ್‌ಟಾಪ್ ಬಳಸಿದವರಿಗೆ ಗೊತ್ತು, ಪಕ್ಕದ ಸೀಟಿನವನಿಗೆ ಏನೂ ಕಾಣ್ತಿರಲಿಲ್ಲ. ಇಲ್ಲಿ ನಮ್ಮವರ ಒಂದು ಕೊಡುಗೆ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಪ್ರೊಫೆಸರ್ ಎಸ್. ಚಂದ್ರಶೇಖರ್. ನೊಬೆಲ್ ಬಂದ ನಕ್ಷತ್ರಗಳ ಚಂದ್ರಶೇಖರ್ ಅಲ್ಲ, ಇವರು ಬೇರೆ. ಇಬ್ಬರೂ ಸಿ.ವಿ. ರಾಮನ್ ಅವರ ಸಂಬಂಧಿಗಳೇ, ಗೊಂದಲ ಸಹಜ. ಇವರು 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು, ಹತ್ತು ವರ್ಷ ಅಲ್ಲಿದ್ದು 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿಯ ತನಕ ಲಿಕ್ವಿಡ್ ಕ್ರಿಸ್ಟಲ್ ಅಂದ್ರೆ ಕಡ್ಡಿಯಂಥ ಅಣುಗಳು ಅಂತಲೇ ಎಲ್ಲರ ತಿಳಿವಳಿಕೆ. 1977ರಲ್ಲಿ ಇವರು, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಸೇರಿ, ತಟ್ಟೆಯಂಥ ಅಣುಗಳೂ ಲಿಕ್ವಿಡ್ ಕ್ರಿಸ್ಟಲ್ ಆಗ್ತವೆ ಅಂತ ತೋರಿಸಿದರು. ಜೋಳದ ರೊಟ್ಟಿ ಪೇರಿಸಿಟ್ಟ ಹಾಗೆ ಅವು ಒಂದರ ಮೇಲೊಂದು ಕಂಬ ಕಟ್ಟಿ ನಿಲ್ಲುತ್ತವೆ. ಪ್ರಕಟಿಸಿದ್ದು ಎಲ್ಲೋ ವಿದೇಶದಲ್ಲಲ್ಲ, ಬೆಂಗಳೂರಿನಿಂದಲೇ ಬರುವ 'ಪ್ರಮಾಣ' ಪತ್ರಿಕೆಯಲ್ಲಿ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ತಟ್ಟೆ ಅಣುಗಳ ತೆಳು ಫಿಲ್ಮ್ ಮಾಡಿ ಎಲ್‌ಸಿಡಿಗೆ ಅಂಟಿಸಿತು. ಪಕ್ಕದಿಂದ ನೋಡಿದರೂ ಚಿತ್ರ ಸರಿಯಾಗಿ ಕಾಣೋದಕ್ಕೆ ಶುರುವಾಯಿತು. ನಮ್ಮ ಆಫೀಸುಗಳಿಗೆ ಬಂದ ಅಗ್ಗದ ಎಲ್‌ಸಿಡಿ ಮಾನಿಟರ್‌ಗಳಲ್ಲಿ ಎಷ್ಟೋ ಇಂಥ ಫಿಲ್ಮ್ ಹೊತ್ತಿದ್ದವು.

ಆಗಿನ ಮಾನಿಟರ್‌ಗಳ ಒಳಬೆಳಕು ಸಿಸಿಎಫ್‌ಎಲ್, ಅಂದ್ರೆ ಪೆನ್ಸಿಲಿಗಿಂತ ಸಣ್ಣ ಟ್ಯೂಬ್‌ಲೈಟು. ಒಳಗೆ ಪಾದರಸ, ಹೊತ್ತಿಸೋಕೆ ನೂರಾರು ವೋಲ್ಟಿನ ಇನ್ವರ್ಟರ್. ವಯಸ್ಸಾದಂತೆ ಬೆಳಗ್ಗೆ ಆನ್ ಮಾಡಿದ ತಕ್ಷಣ ಪರದೆ ಕೆಂಪುಕೆಂಪಾಗಿ ಕಾಣೋದು. ಇನ್ವರ್ಟರ್ ಹೋದರೆ ಪರದೆ ಕತ್ತಲು, ಆದರೆ ಟಾರ್ಚ್ ಬಿಟ್ಟು ನೋಡಿದರೆ ಡೆಸ್ಕ್‌ಟಾಪ್ ಐಕಾನುಗಳು ದೆವ್ವದ ಹಾಗೆ ತೆಳುವಾಗಿ ಕಾಣೋವು. ಸರ್ವಿಸ್ ಅಂಗಡಿಯವರ ಮೊದಲ ಪರೀಕ್ಷೆಯೇ ಈ ಟಾರ್ಚು.

ನೀಲಿ ಬೆಳಕಿಗೆ ಮತ್ತೆ ಬರೋಣ. ನಗೋಯಾದಲ್ಲಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ 1980ರ ದಶಕದಲ್ಲಿ ಗ್ಯಾಲಿಯಂ ನೈಟ್ರೈಡ್‌ನ ಒಳ್ಳೆಯ ಹರಳು ಬೆಳೆಸಿದರು. ಅದೇ ಹಾದಿಯಲ್ಲಿ ಇನ್ನೊಬ್ಬ ಹೊರಟಿದ್ದ. ಶಿಕೊಕು ದ್ವೀಪದ ಅನಾನ್ ಊರು, ನಿಚಿಯಾ ಅನ್ನೋ ಸಣ್ಣ ಕಂಪನಿ. ಅವರ ವ್ಯಾಪಾರ ಫಾಸ್ಫರ್, ಅಂದ್ರೆ ಟ್ಯೂಬ್‌ಲೈಟು ಮತ್ತು ಹಳೇ ಟಿವಿಯ ಗಾಜಿಗೆ ಬಳಿಯುವ ಬೆಳಗುವ ಪುಡಿ. ಅಲ್ಲಿನ ಎಂಜಿನಿಯರ್ ಶೂಜಿ ನಕಾಮುರಾ. ದೊಡ್ಡ ಕಂಪನಿಗಳೆಲ್ಲ ಬೇರೆ ಪದಾರ್ಥದ ಹಿಂದೆ ಬಿದ್ದಿದ್ದಾಗ ಇವನು ಗ್ಯಾಲಿಯಂ ನೈಟ್ರೈಡ್ ಹಿಡಿದ, ಯಂತ್ರವನ್ನೇ ಬಿಚ್ಚಿ ತನ್ನ ಕೈಯಾರೆ ಮಾರ್ಪಡಿಸಿದ. 1993ರಲ್ಲಿ ನಿಚಿಯಾ ಪ್ರಖರ ನೀಲಿ ಎಲ್‌ಇಡಿ ಘೋಷಿಸಿತು. 1996ರಲ್ಲಿ ಆ ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಬಳಿದು ಬಿಳಿ ಎಲ್‌ಇಡಿ ಮಾಡಿತು. ಪುಡಿ ಮಾಡುವವರ ಮನೆಯಲ್ಲೇ ನೀಲಿ ಹುಟ್ಟಿದ್ದು ಲೋಕದ ಭಾಗ್ಯ.

ನಕಾಮುರಾಗೆ ಸಿಕ್ಕ ಬೋನಸ್ 20,000 ಯೆನ್. ನಮ್ಮಲ್ಲೂ ಪೇಟೆಂಟ್ ಫಾರ್ಮಿಗೆ ಸಹಿ ಹಾಕಿ, ಒಂದು ಗಾಜಿನ ಫಲಕ, ಒಂದು ಗಿಫ್ಟ್ ಕಾರ್ಡ್ ತಗೊಂಡು ಸುಮ್ಮನಾದವರು ಇದ್ದಾರೆ. ಅವನು ಸುಮ್ಮನಾಗಲಿಲ್ಲ. ಕೆಲಸ ಬಿಟ್ಟು ಅಮೆರಿಕಕ್ಕೆ ಹೋದ, 2001ರಲ್ಲಿ ಕೇಸ್ ಹಾಕಿದ. 2004ರ ಜನವರಿಯಲ್ಲಿ ಟೋಕಿಯೋ ಕೋರ್ಟ್ 2,000 ಕೋಟಿ ಯೆನ್ ಕೊಡಿ ಅಂತ ತೀರ್ಪು ಕೊಟ್ಟಿತು. ಮೇಲ್ಮನವಿ ಹಂತದಲ್ಲಿ, 2005ರಲ್ಲಿ, ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಅಕಸಾಕಿ, ಅಮಾನೊ, ನಕಾಮುರಾ ಮೂವರಿಗೂ ನೊಬೆಲ್ ಬಂತು. ಮೊದಲ ನೇರಳೆ ಕಂಡ ಮಾರುಸ್ಕಾ ಆ ಪಟ್ಟಿಯಲ್ಲಿ ಇರಲಿಲ್ಲ.

2004 ಈ ಕತೆಯಲ್ಲಿ ವಿಚಿತ್ರ ವರ್ಷ. ಜನವರಿಯಲ್ಲಿ ಆ ತೀರ್ಪು. ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಪ್ರೊಫೆಸರ್ ಚಂದ್ರಶೇಖರ್ ತೀರಿಕೊಂಡರು. ಅದೇ ವರ್ಷ ಸೋನಿ ಒಳಬೆಳಕಿಗೆ ಎಲ್‌ಇಡಿ ಹಾಕಿದ ಮೊದಲ ಎಲ್‌ಸಿಡಿ ಟಿವಿ ಕ್ವಾಲಿಯಾ 005 ತಂದಿತು, ಬೆಲೆ 10,000 ಡಾಲರ್ ದಾಟಿತ್ತು. ಮತ್ತು ಅದೇ ವರ್ಷ ಫಿಲಿಪ್ಸ್‌ನ ಆಂಬಿಲೈಟ್ ಅಂಗಡಿಗೆ ಬಂತು. ಪಿಂಗಾಣಿ ಚಿರತೆಯ ಐಡಿಯಾವನ್ನೇ ಟಿವಿಯ ಬೆನ್ನೊಳಗೆ ಸೇರಿಸಿ, ಅದಕ್ಕೆ ಒಂದು ಹೊಸ ಆಟ ಕಲಿಸಿದರು: ಪರದೆಯ ಅಂಚಿನಲ್ಲಿರುವ ಬಣ್ಣವನ್ನೇ ಗೋಡೆಗೆ ಚೆಲ್ಲೋದು. ಸಮುದ್ರ ಬಂದರೆ ಗೋಡೆ ನೀಲಿ, ಗೋಲ್ ಹೊಡೆದಾಗ ಹಸಿರು. ಮೊದಲಿಗೆ ಸಣ್ಣ ಬಣ್ಣದ ಟ್ಯೂಬುಗಳಲ್ಲಿ, ಆಮೇಲೆ ಎಲ್‌ಇಡಿಯಲ್ಲಿ. ಪೇಟೆಂಟ್ ಇದ್ದದ್ದರಿಂದ ಬೇರೆ ಟಿವಿಗಳಲ್ಲಿ ಇದು ಕಾಣಲಿಲ್ಲ. ನಮ್ಮ ಮಧ್ಯಮವರ್ಗದ ಮನೆಗಳಿಗೆ ಆ ಟಿವಿ ದೂರದ ಮಾತು.

ದಾರಿ ತೆರೆದದ್ದು ಮೂರು ಅಗ್ಗದ ವಸ್ತುಗಳು ಒಟ್ಟಿಗೆ ಬಂದಾಗ. 2009ರಿಂದ ಟಿವಿ ಕಂಪನಿಗಳು ಒಳಬೆಳಕನ್ನು ಎಲ್‌ಇಡಿಗೆ ಬದಲಿಸಿದವು. ಅದಕ್ಕಾಗಿ ಎಲ್‌ಇಡಿ ಕಾರ್ಖಾನೆಗಳು ಎದ್ದವು, ಚೀನಾದ ಸ್ಥಳೀಯ ಸರ್ಕಾರಗಳು ಯಂತ್ರ ಕೊಳ್ಳೋಕೆ ಸಬ್ಸಿಡಿ ಸುರಿದವು, ಬೆಲೆ ಬಿತ್ತು. ನಮ್ಮಲ್ಲಿ ಅದು ಎಷ್ಟು ಬಿತ್ತು ಅಂದ್ರೆ, ಸರ್ಕಾರಿ ಸಂಸ್ಥೆ ಇಇಎಸ್‌ಎಲ್ 2014ರಲ್ಲಿ 310 ರೂಪಾಯಿಗೆ ಖರೀದಿಸುತ್ತಿದ್ದ ಎಲ್‌ಇಡಿ ಬಲ್ಬು 2016ರಲ್ಲಿ 38 ರೂಪಾಯಿಗೆ ಬಂತು. ಉಜಾಲಾ ಯೋಜನೆ ಅದೇ. ಎರಡನೆಯದು 2012ರಲ್ಲಿ ಬಂದ 35 ಡಾಲರಿನ ರಾಸ್ಪ್‌ಬೆರಿ ಪೈ. ಮೂರನೆಯದು ಡಬ್ಲ್ಯುಎಸ್2812 ಅನ್ನೋ ಎಲ್‌ಇಡಿ. ಒಂದೊಂದು ಚುಕ್ಕಿಯೊಳಗೂ ಒಂದು ಚಿಪ್ಪು, ಒಂದೇ ತಂತಿಯಲ್ಲಿ ಸಾಲಾಗಿ ಎಲ್ಲಕ್ಕೂ ಬೇರೆ ಬೇರೆ ಬಣ್ಣ ಹೇಳಬಹುದು. ಮೊದಲ ಚುಕ್ಕಿ ತನ್ನ 24 ಬಿಟ್ ತಗೊಂಡು ಉಳಿದದ್ದನ್ನ ಮುಂದಕ್ಕೆ ದಾಟಿಸುತ್ತೆ, ಮದುವೆ ಊಟದ ಪಂಕ್ತಿಯಲ್ಲಿ ಎಲೆ ದಾಟಿಸಿದ ಹಾಗೆ. 2011ರಲ್ಲೇ ಅಡಾಫ್ರೂಟ್‌ನವರು ಅಡಾಲೈಟ್ ಅಂತ ಆರ್ಡುಯಿನೋ ಮೇಲೆ ಇಂಥದ್ದೊಂದನ್ನ ಮಾಡಿ, ವಿಧಾನವನ್ನ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಆಮೇಲೆ ಹೈಪೀರಿಯನ್ ಅನ್ನೋ ಓಪನ್ ಸೋರ್ಸ್ ತಂತ್ರಾಂಶ ಬಂತು.

ಕೋಡ್ ಬರೆಯೋರಿಗೆ ಇದು ಒಂದು ಭಾನುವಾರದ ಕೆಲಸ. ಪರದೆಯ ಚಿತ್ರ ತಗೊಳ್ಳಿ, ಚಿಕ್ಕದು ಮಾಡಿ, ಅಂಚಿನ ಪಿಕ್ಸೆಲ್‌ಗಳ ಸರಾಸರಿ ತೆಗೀರಿ, ಗಾಮಾ ಸರಿಮಾಡಿ, ಪಟ್ಟಿಗೆ ಕಳಿಸಿ. ಸಿನಿಮಾದ ಮೇಲೆ ಕೆಳಗಿನ ಕಪ್ಪು ಪಟ್ಟಿಯನ್ನ ಗುರುತಿಸಿ ಬಿಡೋದು ಮರೀಬೇಡಿ. ಕಂಪ್ಯೂಟರ್‌ನಲ್ಲಿ ಸುಲಭ. ಟಿವಿಯಲ್ಲಿ ಕಷ್ಟ, ಯಾಕಂದ್ರೆ ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಕೇಬಲ್‌ನಲ್ಲಿ ಹೋಗೋ ಚಿತ್ರಕ್ಕೆ ಕಾಪಿ ತಡೆಯುವ ಬೀಗ ಇರುತ್ತೆ. ಅದಕ್ಕೇ ಇತ್ತೀಚಿನ ಕಿಟ್‌ಗಳು ಒಂದು ಪುಟ್ಟ ಕ್ಯಾಮೆರಾವನ್ನ ಟಿವಿಯ ನೆತ್ತಿಗೆ ಕೂರಿಸಿ ಪರದೆಯನ್ನೇ ನೋಡಿಸ್ತವೆ. ಬೀಗ ಮುರಿಯೋ ಬದಲು ಕಿಟಕಿಯಿಂದ ಇಣುಕಿದ ಹಾಗೆ. ನನಗೆ ಈ ಉಪಾಯ ಬಹಳ ಇಷ್ಟ.

ಕರೆಂಟಿನ ಲೆಕ್ಕ ಮಾತ್ರ ಮೊದಲೇ ಹಾಕಿ. 55 ಇಂಚಿನ ಟಿವಿಯ ಸುತ್ತಳತೆ ಸುಮಾರು 3.8 ಮೀಟರ್. ಮೀಟರಿಗೆ 60 ಚುಕ್ಕಿಯಂತೆ 228. ಪೂರ್ತಿ ಬಿಳಿಗೆ ಒಂದೊಂದಕ್ಕೆ 60 ಮಿಲಿಆಂಪ್, ಒಟ್ಟು 13 ಆಂಪ್ ದಾಟುತ್ತೆ, 5 ವೋಲ್ಟಿನಲ್ಲಿ 68 ವ್ಯಾಟ್. ಟಿವಿಯ ಹಳೇ ಯುಎಸ್‌ಬಿ ಪೋರ್ಟ್ ಕೊಡೋದು ಅರ್ಧ ಆಂಪ್. ಪಟ್ಟಿಯ ಕೊನೆಯ ತುದಿ ಬಿಳಿ ಹೋಗಿ ಕೆಂಪುಕಂದು ಆಗೋದನ್ನ ನೋಡಿರ್ತೀರಿ. ತೆಳು ತಾಮ್ರದಲ್ಲಿ ವೋಲ್ಟೇಜ್ ಇಳಿದಾಗ ಮೊದಲು ಸೋಲೋದು ನೀಲಿ, ಅದಕ್ಕೆ 3 ವೋಲ್ಟ್ ಬೇಕು. ಕೆಂಪಿಗೆ ಎರಡು ಸಾಕು. ಮಾರುಸ್ಕಾನನ್ನ ಸತಾಯಿಸಿದ ಅದೇ ನೀಲಿ ಇಲ್ಲೂ ಮೊದಲು ಕೈಕೊಡೋದು.

ನನ್ನ ಅಭಿಪ್ರಾಯ ಕೇಳಿದರೆ, ಕುಣಿಯುವ ಬಣ್ಣ ಹಬ್ಬಕ್ಕೆ ಸರಿ, ಕಣ್ಣಿಗಲ್ಲ. ಅಮೆರಿಕದ ರೆನ್ಸಿಲೇರ್ ಪಾಲಿಟೆಕ್ನಿಕ್‌ನ ಬೆಳಕಿನ ಸಂಶೋಧನಾ ಕೇಂದ್ರದವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿವಿ ಸುತ್ತ ಬೆಳಕಿದ್ದಾಗ ಕತ್ತಲಿಗಿಂತ ಕಣ್ಣಿನ ಆಯಾಸ ಕಡಿಮೆ ಅಂತ ಕಂಡಿದ್ದರು. ರಾತ್ರಿ ಕೋಡ್ ಓದೋಕೆ ಬೇಕಾಗಿರೋದು ಅಲುಗಾಡದ, ಮಂದವಾದ ಬಿಳಿ. ಬೆಚ್ಚನೆಯ ಹಳದಿ ಹಾಕಿದರೆ ಕಣ್ಣು ಅದನ್ನೇ ಬಿಳಿ ಅಂತ ಒಪ್ಪಿಕೊಂಡು ಪರದೆಯನ್ನ ನೀಲಿಯಾಗಿ ನೋಡುತ್ತೆ. ಈ ವಿಷಯದಲ್ಲಿ ನಾವು ಅದೃಷ್ಟವಂತರು. ಇಂಡಿಯಾದ ಅಂಗಡಿಗಳಲ್ಲಿ ಕೂಲ್ ಡೇಲೈಟ್ ಅಂತ ಮಾರೋ ಟ್ಯೂಬು, ಬಲ್ಬು, ಪಟ್ಟಿ ಎಲ್ಲ 6500 ಕೆಲ್ವಿನ್. ಸ್ಟುಡಿಯೋದವರ ಡಿ65ಗೆ ಹತ್ತಿರದ ನಂಟ. ಕಡು ಅಗ್ಗದ್ದರಲ್ಲಿ ಹಸಿರು ಛಾಯೆ ಇರುತ್ತೆ, ಕೈ ಹಿಡಿದು ನೋಡಿ, ಚರ್ಮ ರೋಗಿಯ ಹಾಗೆ ಕಂಡರೆ ಬೇಡ. ಹೊಳಪು ಇಳಿಸುವ ರಿಮೋಟ್ ಇದ್ದರೆ ಅರ್ಧಕ್ಕೆ ಇಳಿಸಿ, ಫೋನ್ ಕ್ಯಾಮೆರಾದಲ್ಲಿ ನೋಡಿ. ಪಟ್ಟೆಪಟ್ಟೆಯಾಗಿ ಓಡಿದರೆ ಅದು ಪುಟಪುಟನೆ ಆರಿ ಹೊತ್ತುತ್ತಾ ಇದೆ ಅಂತ ಅರ್ಥ, ಕೆಲವರಿಗೆ ಅದರಿಂದಲೇ ತಲೆನೋವು ಬರುತ್ತೆ.

ಮಾನಿಟರ್‌ಗೆ ಒಂದೂವರೆ ಮೀಟರ್ ಸಾದಾ ಬಿಳಿ ಪಟ್ಟಿ ಧಾರಾಳ. ಹಚ್ಚಿದ ಮೇಲೆ ಮಾನಿಟರ್‌ನ ಬ್ರೈಟ್‌ನೆಸ್ ಇಳಿಸಿ, ಇಲ್ಲದಿದ್ದರೆ ಅರ್ಧ ಪ್ರಯೋಜನ ಹೋಯಿತು. ಗೋಡೆಯಿಂದ ಒಂದು ಗೇಣು ಮುಂದಿರಲಿ. ಗೋಡೆಗೆ ಓನರ್ ಗುಲಾಬಿ ಬಣ್ಣ ಬಳಿದಿದ್ದರೆ ಡಿ65 ಲೆಕ್ಕವೆಲ್ಲ ಅಲ್ಲಿಗೇ ಮುಗೀತು, ಒಂದು ಬಿಳಿ ಡ್ರಾಯಿಂಗ್ ಶೀಟ್ ತೂಗುಹಾಕಿ. ಮತ್ತೆ ಪಟ್ಟಿಯನ್ನ ಮಾನಿಟರ್‌ನ ಬೆನ್ನಿಗೇ ಅಂಟಿಸಿ, ಗೋಡೆಗಲ್ಲ. ಆ ಅಂಟು ಬಿಡಿಸೋವಾಗ ಪೇಂಟಿನ ಸಮೇತ ಬರುತ್ತೆ, ಮನೆ ಖಾಲಿ ಮಾಡೋ ದಿನ ಓನರ್ ಡೆಪಾಸಿಟ್‌ನಲ್ಲಿ ಹಿಡಿಯೋ ದುಡ್ಡಿಗೆ ಇಂಥ ಹತ್ತು ಪಟ್ಟಿ ಬರ್ತವೆ.